ಎಡಕ್ಕ ನೋಡಿ ಬಲಕ್ಕ

ಚೆಂಡು ಹೊಡಿಯೂ ಮುಂಚೆ ಝುಬೇರ
ಒಮ್ಮೆ ಎಡಕ್ಕ ನೋಡ್ತಾನ.
ತಲಿ ತಿರುಗೂದಿಲ್ಲ, ಹುಬ್ಬು ಹಾರೂದಿಲ್ಲ,
ಬರೇ ಕರೀಗುಡ್ಡಿ, ಜ್ವಾಳದ ಕಾಳಿನಷ್ಟು, ಸರೀತದ.
ಆಮ್ಯಾಲ ಬಲಕ್ಕ ಹೊಡೀತಾನ.

ಇಡೀ ಬೆಳಗಾವ್ಯಾಗ ಇದು ನನಗೊಬ್ಬಂಗ ಗೊತ್ತಿತ್ತು.
ಏಳನೇತ್ತೆಯಿಂದ ಅವನೆದುರು ನಿಂತಾಂವ ನಾನು,
ಕ್ಯಾಂಪಿನ ಬಯಲಾಗ, ಎರಡು ಚಪ್ಪಲಿ ನಡುವ,
ಜುಲೈದ ಜಿಟಿಜಿಟಿಯೊಳಗ, ಮೈತುಂಬ ಕೆಂಪು ರಾಡಿ.
ಅವನ ಬಲ ಅಂದ್ರ ನನ್ನ ಎಡ,
ಸಾಲ್ಯಾಗ ನನಗ ಹತ್ತಿದ ಗಣಿತ ಇದೊಂದ.
ನಮ್ಮವ್ವ ಅಂಗಿ ಹಿಂಡಕೋತ ಅಂತಿದ್ದಳು:
“ಅಂವ ಹೊಡೀತಾನ, ನೀ ಬೀಳ್ತಿ. ಇದೆಂಥಾ ಆಟೋ?”

ಗೋವಾದ ಕೋಚ್ ಬಂದ ದಿವಸ
ಲೇಲೆ ಮೈದಾನದಾಗ ನಲವತ್ತೆರಡು ಹುಡುಗರು.
ಆ ಮನಿಶಾಗ ಕನ್ನಡ ಬರ್ತಿರಲಿಲ್ಲ, ಮರಾಠಿ ಅರ್ಧಾ,
ಉಳಿದದ್ದೆಲ್ಲಾ ಸೀಟಿ.
ಸಂಜಿತನಕ ಓಡಿಸಿ, ಕಡೀಕ ಪೆನಾಲ್ಟಿ ಅಂದ.
ಝುಬೇರ ಚೆಂಡಿಟ್ಟ. ಕರೀಗುಡ್ಡಿ ಸರೀತು.
ನಾ ನನ್ನ ಬಲಕ್ಕ ಹಾರಿದೆ.

ಬೇಕಂತ ಹಾರಿದ್ನೋ, ಕಾಲು ಜಾರಿತೋ,
ಇನ್ನೂ ಲೆಕ್ಕ ಹತ್ತಿಲ್ಲ.
ಖಡೇಬಜಾರದಾಗ ಅವರಪ್ಪನ ಹೊಲಿಗಿ ಮಷಿನ್
ಆ ಗಳಿಗ್ಯಾಗ ಕಣ್ಮುಂದ ಬಂತು ಅಂದ್ರ ಸುಳ್ಳು.
ಗೆಳೆತನ ಅಂದ್ರ ಜಂಭ.
ಕೋಚ್ ವಹಿಯೊಳಗ ಒಂದ ಹೆಸರು ಬರದ,
ನನ್ನ ಕಡೆ ನೋಡಿ ಪೆನ್ನಿನ ಟೊಪಗಿ ಹಾಕಿದ.

ಅಂವ ಚೋರ್ಲಾ ಘಾಟಿನ ಬಸ್ ಹತ್ತಿದ,
ಕಾಲಚೀಲದೊಳಗ ಕುಂದಾದ ಡಬ್ಬಿ ತುರಕಿಕೊಂಡು.
ನಾ ಉದ್ಯಮಬಾಗದ ಫೌಂಡ್ರಿ ಸೇರಿದೆ.
ಕರೀ ಮರಳಿನ ಅಚ್ಚಿನೊಳಗ ಕಾಸಿದ ಕಬ್ಬಿಣ ಸುರಿತೇವಿ,
ಪಂಪಿನ ಹೊಟ್ಟಿ ಆಗಿ ಹೊರಗ ಬರ್ತದ.
ಇಲ್ಲಿ ಹಾರೂ ಹಂಗಿಲ್ಲ. ಹಾರಿದ್ರ ಸುಡ್ತದ.

ಮೊದಲನೇ ವರ್ಷ ಬೆಂಚು, ಬೆನ್ನಿಗೆ ಇಪ್ಪತ್ತೊಂಬತ್ತು.
ಎರಡನೇದಕ್ಕ ಹನ್ನೊಂದು ಗೋಲು, ಪೇಪರಿನ್ಯಾಗ ಫೋಟೋ,
ಕೊಲ್ಕತ್ತಾದ ಕ್ಲಬ್ಬು ಕರಕೊಂಡು ಹೋತು.
ಎಷ್ಟಕ್ಕ? ಖಡೇಬಜಾರದಾಗ ಅಂಗಡಿಗೊಂದು ಸೊನ್ನಿ ಹೆಚ್ಚಾತು.
ಅವರವ್ವ ಫ್ರಿಜ್ ತಂದು ಮೊದಲ ಬರ್ಫ ನನಗ ಕೊಟ್ಟಳು.

ಆಮ್ಯಾಲ ಹೊಸ ಕೋಚ್, ಆರಡಿಯ ಪರದೇಶಿ ಫಾರ್ವರ್ಡ್.
ನಮ್ಮಾಂವ ಎಂಬತ್ಮೂರನೇ ನಿಮಿಷಕ್ಕ ಒಳಗ ಹೋಗಾಂವ.
ರಾತ್ರಿ ಫೋನಿನ್ಯಾಗ ಅಂದ:
“ಏಳು ನಿಮಿಷಕ್ಕ ಒಂದು ವಾರ ಓಡ್ತೀನಲೇ.”
ಇಪ್ಪತ್ಮೂರು ವಯಸ್ಸು,
ದನಿ ಮಾತ್ರ ರಿಟೈರಾದ ಮಾಸ್ತರಂದು.

ಮೂರನೇ ಗೇಟಿನ ಚಾದಂಗಡ್ಯಾಗ ಆ ಪೆನಾಲ್ಟಿ ನೋಡಿದೆ.
ಗೇಟು ಬಿದ್ದಿತ್ತು, ಗೂಡ್ಸ್ ಗಾಡಿ ತೀರವಲ್ತು,
ಟೀವಿಯ ದನಿ ಗಾಲಿ ಸಪ್ಪಳಕ್ಕ ಮುಳುಗಿತ್ತು.
ಕರೀಗುಡ್ಡಿ ಟೀವ್ಯಾಗ ಕಾಣೂದಿಲ್ಲ.
ಕೀಪರ್ ಸರಿಯಾಗಿ ತನ್ನ ಎಡಕ್ಕ ಬಿದ್ದ, ಹಿಡದ.
ಥೂ, ಅಂದ್ರು ಮಂದಿ. ನನಗ ಮಾತ್ರ ಹೊಟ್ಯಾಗ ಉರಿ:
ಯಾರು ಹೇಳಿದ್ರು ಅವಂಗ?
ಈಗ ಎಲ್ಲಾ ಕಂಪ್ಯೂಟರಿನ್ಯಾಗ ಬರದಿಡ್ತಾರಂತ,
ಎಂಟರಾಗ ಏಳು ಬಲಕ್ಕ, ಅಂತ.
ನಾ ಹತ್ತು ವರ್ಷ ಕಾದದ್ದು
ಒಂದು ಮಷಿನ್ನಿಗೆ ಒಂದ ಸಂಜಿಗೆ ಗೊತ್ತಾತು.

ಕರಾರು ಮುಂದುವರಿಲಿಲ್ಲ.
ಕೇರಳದ ಸಣ್ಣ ಕ್ಲಬ್ಬೊಂದು ಕರದದಂತ, ಪಗಾರ ಅರ್ಧಾ.
ಹೋಗೂ ಮುಂಚಿನ ದಿವಸ ನನ್ನ ಪಾಳಿ ಬಿಡೂ ಹೊತ್ತಿಗೆ
ಫೌಂಡ್ರಿ ಗೇಟಿಗೆ ಬಂದಿದ್ದ, ಬಗಲಾಗ ಚೆಂಡು.
ಹಿಂದಿನ ಅಂಗಳದಾಗ ಸುಟ್ಟ ಮರಳಿನ ದಿಬ್ಬ,
ಎರಡು ತುಕ್ಕು ಹಿಡಿದ ಅಚ್ಚಿನ ಪೆಟಗಿ ನಡುವ ನಿಂತೆ.

“ಅವತ್ತು ಬಿಟ್ಟಿದ್ದೇನು?”
“ಹೊಡಿ ಮೊದಲ.”

ಎಡಕ್ಕ ನೋಡಿದ.
ಎಡಕ್ಕ ಹೊಡದ.

ನಾ ಎದ್ದಾಗ ಬಾಯ್ತುಂಬ ಕರೀ ಮರಳು.
ಅಂವ ಮೊಣಕಾಲು ಹಿಡಕೊಂಡು ನಗಾಕತ್ತಿದ್ದ,
ಕೇಳಿದ್ದನ್ನ ಮತ್ತ ಕೇಳಲಿಲ್ಲ.
ಚೆಂಡು ಗಟಾರದ ತನಕ ಉರುಳಿತ್ತು.
ಅದನ್ನ ತರೂದು ಯಾವಾಗ್ಲೂ ಕೀಪರ್ ಕೆಲಸ.
ಹೋದೆ.