ಒತ್ತಕ್ಷರ ಪುಕ್ಕಟೆ

ಬ್ರೂಸ್‌ಪೇಟೆಯ ಸಂದಿಯಲ್ಲಿ ನಂದು ಬೋರ್ಡಿನ ಅಂಗಡಿ.
ಹಿತ್ತಾಳೆ ಹಾಳೆಗೆ ಆಸಿಡ್ ಕುಡಿಸಿ
ವಕೀಲರ ಹೆಸರು, ಡಾಕ್ಟರ ಹೆಸರು,
‘ಶ್ರೀ ಗುರು ಕೃಪಾ’, ‘ನಾಯಿ ಇದೆ ಎಚ್ಚರಿಕೆ’,
ಜೀನ್ಸ್ ಫ್ಯಾಕ್ಟರಿಗಳಿಗೆ ಗುಂಡಿಯ ಅಚ್ಚು.
ಅಕ್ಷರಕ್ಕೆ ಹದಿನೆಂಟು ರೂಪಾಯಿ.
ಒತ್ತಕ್ಷರ ಪುಕ್ಕಟೆ.

ಅವತ್ತು ಮಧ್ಯಾಹ್ನ ಗಾದಿಲಿಂಗಪ್ಪ ಬಂದರು.
ಏರ್‌ಫೋರ್ಸಿನಲ್ಲಿ ಇಪ್ಪತ್ತು ವರ್ಷ ಸ್ಪ್ಯಾನರ್ ಹಿಡಿದು
ಈಗ ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದವರು.
ಟಿಫಿನ್ ಡಬ್ಬಿಯಿಂದ ತೆಗೆದರು ಒಂದು ವಿಮಾನ:
ರೆಕ್ಕೆ ಇನ್ನೂ ಅಂಟಿಸಿಲ್ಲ, ಹೊಟ್ಟೆ ಎರಡು ಹೋಳು,
ಶೇಂಗಾ ಒಡೆದ ಹಾಗೆ.
“ಎಪ್ಪತ್ತೆರಡರಾಗೆ ಒಂದು ಪಾಲು, ಹೊನ್ನೂರಾ.
ಆರಡಿ ಮನುಷ್ಯ ಇದರಾಗೆ ಒಂದಿಂಚು.
ಡಬ್ಬಿಯವರು ಸೀಟು ಕೊಟ್ಟಾರೆ, ಬೆಲ್ಟು ಕೊಟ್ಟಿಲ್ಲ.
ಪರದೇಶದಿಂದ ತರಿಸಿದರೆ
ವಿಮಾನಕ್ಕಿಂತ ಬೆಲ್ಟಿಗೇ ರೊಕ್ಕ ಜಾಸ್ತಿ.
ನೀ ಮಾಡ್ತೀಯೇನು?”

ಹೂಂ ಅಂದೆ. ಹೂಂ ಅನ್ನುವುದು ನನ್ನ ಹಳೇ ರೋಗ.

ಗೋಡೆಯಷ್ಟು ದೊಡ್ಡದಾಗಿ ಬರೆದು
ನೊಣದಷ್ಟಕ್ಕೆ ಇಳಿಸಿ, ಫಿಲ್ಮು ಮಾಡಿಸಿ,
ಹಾಳೆಯ ಎರಡೂ ಮಗ್ಗುಲಿಗೆ ಬಿಗಿದು ಅಂಗಳಕ್ಕೆ ತಂದೆ.
ಬೇರೆ ಊರಲ್ಲಿ ಇದಕ್ಕೊಂದು ದೀಪ ಬೇಕಂತೆ;
ಬಳ್ಳಾರಿಗೆ ಚೈತ್ರ ಸಾಕು.
ಗುಡ್ಡದ ಬಂಡೆ ಬೇಯಿಸುವ ಬಿಸಿಲಿಗೆ ಹಿಡಿದು
ಒಂದೊಂದು ಮಗ್ಗುಲಿಗೆ ತೊಂಬತ್ತು ಎಣಿಸಿದೆ.

ಆಸಿಡ್ಡಿಗೂ ಒಂದು ನೇಮ ಐತೆ:
ಒಂದೇ ಮಗ್ಗುಲು ತಿಂದರೆ ಮಡಿಕೆ,
ಎರಡೂ ಮಗ್ಗುಲು ತಿಂದರೆ ಬಯಲು.
ಮೊದಲ ಹಾಳೆ ಪೂರ್ತಿ ಬಯಲಾಯಿತು.
ಎರಡನೆಯದರಲ್ಲಿ ಬೆಲ್ಟು ಉಳಿದವು, ಬಕಲ್ ಕರಗಿದವು.
ಮೂರನೆಯದನ್ನು ತೊಳೆದು ಎತ್ತಿ ಹಿಡಿದರೆ
ಚೌಕಟ್ಟಿನೊಳಗೆ ನಾಲ್ಕು ಪಟ್ಟಿ,
ಅರ್ಧ ನವಣೆ ಕಾಳಿನಷ್ಟು ಎರಡು ಬಕಲ್ಲು,
ಕೂದಲೆಳೆ ಕೊಂಡಿಗೆ ನೇತಾಡುತ್ತ.
ಭೂತಗನ್ನಡಿ ಕಸಿದು ನೋಡಿದ ಹೆಂಡತಿ
“ಇದನ್ನ ಯಾರು ಹಾಕ್ಕೊಂತಾರೆ?” ಅಂದಳು.

ಅವರ ಎದುರಿಗೇ ಬ್ಲೇಡಿನಿಂದ ಕೊಂಡಿ ಕತ್ತರಿಸಿದೆ.
ಚಿಮಟದ ತುದಿಯಿಂದ ಒಂದು ಬಕಲ್ ಹಾರಿತು.
ಬಿದ್ದದ್ದು ಕಾಣಲಿಲ್ಲ, ಕೇಳಲೂ ಇಲ್ಲ;
ಚಿಮಟ ಖಾಲಿ, ಅಷ್ಟೇ.
ನೆಲದ ತುಂಬ ಅರದ ಪುಡಿ, ಮುರಿದ ಮೊಳೆ,
ಗಣಿ ಲಾರಿ ಎಬ್ಬಿಸಿದ ಕೆಂಪು ಧೂಳು.
ಇಬ್ಬರು ಮುದುಕರು ಮೊಣಕಾಲೂರಿ ಅರ್ಧ ಗಂಟೆ.
ಪಕ್ಕದ ರೇಡಿಯೋ ಮಾರೆಣ್ಣನ ಮಗಳು ಹುಲಿಗಿ
ಒಡೆದ ಸ್ಪೀಕರಿನ ಆಯಸ್ಕಾಂತ ತಂದಳು.
“ಹಿತ್ತಾಳೆ ಹತ್ತಲ್ಲವ್ವಾ ಅದಕ್ಕೆ.”
“ಗೊತ್ತೈತೆ. ಅದಕ್ಕೇ ತಂದೀನಿ.”
ನೆಲದ ಮೇಲೆ ಮೆಲ್ಲಗೆ ಆಡಿಸಿದಳು.
ಕಬ್ಬಿಣವೆಲ್ಲ ಎದ್ದು ಹೋಗಿ ಗಡ್ಡ ಕಟ್ಟಿತು;
ಕರೆದರೂ ಏಳದೆ ಉಳಿದದ್ದು ಒಂದೇ,
ಹಳದಿಗೆ ಮಿಣುಕುತ್ತ.

ಲೈಟರಿನ ಉರಿ ತೋರಿಸಿ ಪಟ್ಟಿ ಮೆತ್ತಗೆ ಮಾಡಿ
ಸೀಟಿನ ಮೇಲಿಟ್ಟು ಬಕಲ್ ಕೂಡಿಸಲು ಹೋದೆ.
ಗಾದಿಲಿಂಗಪ್ಪ ಕೈ ಹಿಡಿದರು.
“ಬಿಚ್ಚಿರಲಿ.
ಎಡಗಡೇದು ಅಂಚಿನಾಚೆ ಜೋತು ಬೀಳಲಿ.
ಇಳಿದು ಚಹಾಕ್ಕೆ ಹೋದವನ ಬೆಲ್ಟು ಹಂಗೇ ಇರ್ತೈತೆ.
ದಿನಾ ಬಿಗಿದ ಕೈ ನಂದು.”
ಆಮೇಲೆ, ನನಗಲ್ಲ, ಸೀಟಿಗೆ ಹೇಳುವಂತೆ:
“ಒಂದು ಸಲ ಬಿಗಿದಂಗೇ ನೋಡೀನಿ.”

ಅಂಟು ಒಣಗುವ ತನಕ ಫ್ಯಾನು ಹಾಕುವಂತಿಲ್ಲ.
ಇಬ್ಬರೂ ಸುಮ್ಮನೆ ಬೆವೆತೆವು.

ಹೋಳು ಎರಡೂ ಕೂಡಿ, ಮೇಲೆ ಗಾಜು ಕೂತರೆ
ಇದು ಯಾರ ಕಣ್ಣಿಗೂ ಬೀಳುವುದಿಲ್ಲ.
ಬೀದಿಗೆಲ್ಲ ಕಾಣಲೆಂದೇ ಹೆಸರು ಕೆತ್ತಿದ
ಮೂವತ್ತೊಂದು ವರ್ಷದಲ್ಲಿ
ಇಂಥದೊಂದು ಆರ್ಡರು ಬಂದಿರಲಿಲ್ಲ.

ಬಿಲ್ ಪುಸ್ತಕ ತೆಗೆದೆ.
ಬೆಲ್ಟು: ನಾಲ್ಕು.
ಬಕಲ್ಲು: ಎರಡು, ಬಿಚ್ಚಿದ್ದು.
ಅಕ್ಷರ:
ಅಲ್ಲಿ ಪೆನ್ನು ನಿಂತಿತು.
ಅವರು ಜೇಬಿಗೆ ಕೈ ಹಾಕಿ ಕಾಯುತ್ತಿದ್ದರು.
ಒತ್ತಕ್ಷರ ಅಂತ ಬರೆದು
ಹಾಳೆ ಹರಿದು ಕೊಟ್ಟೆ.