ಉಳಬೇಡ

ವರ್ಷಕ್ಕೆರಡು ಸಲ ಕರೆ ಬರುತ್ತಿತ್ತು ಆ ತೋಟದಿಂದ.
ಯುಗಾದಿ ಕಳೆದ ಮೇಲೊಮ್ಮೆ, ದೀಪಾವಳಿಯ ಹಿಂದೆಮುಂದೆ ಇನ್ನೊಮ್ಮೆ.
"ಬೆಟ್ಟಸ್ವಾಮಿ, ಎರಡು ಸಾಲು ಹೊಡ್ಕೊಟ್ಟು ಹೋಗಪ್ಪ."
ಕೊಪ್ಪದಾಚೆ, ನಾಲೆ ಏರಿಯ ಕೆಳಗೆ, ಎಪ್ಪತ್ತು ತೆಂಗು.
ಗಂಟೆ ಲೆಕ್ಕ. ಡೀಸೆಲ್ಲು ನನ್ನದು,
ಮಜ್ಜಿಗೆ ಅವರದು.

ಈ ಸಲ ಕರೆ ಬರಲಿಲ್ಲ.
ಹೋದ ವರ್ಷವೂ ಬಂದಿರಲಿಲ್ಲ, ಈಗ ನೆನಪಾಗುತ್ತಿದೆ.
ಬೇರೆ ಯಾರೋ ಬಾಡಿಗೆ ಇಳಿಸಿರಬೇಕು ಅಂತ
ಹೊಟ್ಟೆಯೊಳಗೆ ಒಂದಿಷ್ಟು ಉರಿ ಇಟ್ಟುಕೊಂಡೇ
ಗಾಡಿ ತಿರುಗಿಸಿದೆ.

ನೋಡಿದರೆ ತೋಟದಲ್ಲಿ ಮಣ್ಣೇ ಕಾಣದು.
ಪಾದ ಮುಳುಗುವಷ್ಟೇ ಎತ್ತರದ ಹಸಿರು
ಬುಡದಿಂದ ಬುಡಕ್ಕೆ, ಬದುವಿನವರೆಗೆ.
ಅಲ್ಲಲ್ಲಿ ಹಳದಿ ಹೂ,
ಯಾರೋ ಓಡುವಾಗ ಅರಿಸಿನದ ಬಟ್ಟಲು ಕೈಜಾರಿದ ಹಾಗೆ.

"ಏನಕ್ಕ ಇದು, ಕಳೆ ಹಿಂಗೆ ಬಿಟ್ಟಿದ್ದೀಯ?"
ಸಣ್ಣತಾಯಕ್ಕ ಕುಡುಗೋಲು ಕೆಳಗಿಟ್ಟು ನಕ್ಕಳು.
"ಕಳೆಯಲ್ಲ ಕಣಪ್ಪ, ಕಳ್ಳೇಕಾಯಿಯ ದಾಯಾದಿ.
ಕಾಯಿಗೆ ಕೈಯೊಡ್ಡಬೇಡ, ಕೊಡಾಕಿಲ್ಲ. ಸೊಪ್ಪು ಕೊಡ್ತದೆ.
ಒಂದ್ಸಲ ಊರಿದ್ದು, ಮತ್ತೆ ಬಿತ್ತಿಲ್ಲ."

ಮೈಸೂರು ಕಡೆಯಿಂದ ಬಸ್ಸಿನ ಮೇಲೆ ಬಂದ ಎರಡು ಗೋಣಿ ಬಳ್ಳಿ.
ಗೇಣುದ್ದದ ತುಂಡು, ಮೊಳಕ್ಕೊಂದು, ಆಷಾಢದ ಜಿನುಗಿನಲ್ಲಿ.
ನಾಲ್ಕು ತಿಂಗಳು ಅದು ಏನೂ ಮಾಡಲಿಲ್ಲವಂತೆ.
ಇವಳೇ ಕುಕ್ಕರಗಾಲಲ್ಲಿ ಕೂತು ಕೊನ್ನಾರಿ ಕಿತ್ತಳು, ಗರಿಕೆ ಕಿತ್ತಳು.
"ಮಗಳ ಬಾಣಂತನಕ್ಕೂ ಇಷ್ಟು ಕೂರಲಿಲ್ಲ ನಮ್ಮತ್ತೆ"
ಅಂದಳಂತೆ ಸೊಸೆ, ಬೀದಿಯ ನಲ್ಲಿ ಹತ್ತಿರ.
ಆಮೇಲೊಂದು ಬೆಳಿಗ್ಗೆ
ಈ ಕಡೆಯ ಬಳ್ಳಿ ಆ ಕಡೆಯದನ್ನು ಮುಟ್ಟಿತ್ತು.
ಅಲ್ಲಿಂದ ಕೊನ್ನಾರಿಗೆ ಬಿಸಿಲು ಸಿಗಲಿಲ್ಲ.

ಎರಡು ಬಂಡೂರು ಮರಿ ಗೂಟಕ್ಕೆ ಕಟ್ಟಿದ್ದವು,
ತಲೆ ಎತ್ತಿ ನನ್ನನ್ನು ನೋಡುವ ಪುರುಸೊತ್ತಿಲ್ಲ.
ಗೂಟ ದಿನಾ ಮೂರು ಮೊಳ ಸರಿಯುತ್ತದೆ.
ಮೇಯ್ದ ದುಂಡು ಜಾಗ ಮುಂದಿನ ಅಮಾವಾಸ್ಯೆಯೊಳಗೆ
ತಾನೇ ಮುಚ್ಚಿಕೊಳ್ಳುತ್ತದೆ.

ಕುಡುಗೋಲ ತುದಿಯಿಂದ ಒಂದು ಬೇರು ಎತ್ತಿದಳು.
ಸಾಸಿವೆಯಷ್ಟು ಗಂಟು, ಉದ್ದಕ್ಕೂ.
ಒಂದನ್ನು ಉಗುರಲ್ಲಿ ಸೀಳಿ ಅಂಗೈಗಿಟ್ಟಳು.
ಒಳಗೆ ಹಲ್ಲು ಮೂಡದ ಕೂಸಿನ ವಸಡಿನ ಬಣ್ಣ.
"ಗಾಳೀಲಿರೋ ಗೊಬ್ಬರಾನ ಇಲ್ಲಿ ಹಿಡ್ದು ಕೂಡಾಕೊಂಡದೆ ಕಣಪ್ಪ.
ಯೂರಿಯಾಕ್ಕೆ ಸೊಸೈಟಿ ಮುಂದೆ ಚಪ್ಪಲಿ ಸಾಲಿಟ್ಟು ಕಾಯ್ತಿದ್ದೆ ನಾನು,
ತಲೆ ಮೇಲೆ ಗಾಳಿ ಬೀಸ್ತಿತ್ತು."

ನಾನು ಮಾತಾಡಲಿಲ್ಲ.
ಹದಿನೆಂಟು ವರ್ಷ ಈ ನೆಲವನ್ನು ಮಗುಚಿ ಮಗುಚಿ ಬಿಸಿಲಿಗೆ ಹಾಕಿದವನು,
ಹಿಂದೆ ಏಳುವ ಧೂಳನ್ನೇ
ಕೆಲಸ ಅಂದುಕೊಂಡಿದ್ದವನು.
ಬಾಡಿದ ಒಂದು ಹೂವಿನ ಕೆಳಗೆ ನೂಲಿನಂಥದೊಂದು
ಬಾಗಿ ಮಣ್ಣಿಗೆ ಇಳಿದಿತ್ತು.
ಎಳೆದು ನೋಡಿದೆ. ಬಿಡಲಿಲ್ಲ.
ಸದ್ದಿಲ್ಲ, ಹೊಗೆಯಿಲ್ಲ, ಇಡೀ ತೋಟವನ್ನು
ಸೂಜಿ ಸೂಜಿಯಾಗಿ ಉಳುತ್ತಿದೆ ಯಾರೋ.

"ಹಂಗಾದ್ರೆ ನನ್ನ ಹೊಟ್ಟೆಪಾಡು?" ಅಂದೆ, ನಗೆಯೋ ನಿಜವೋ ತಿಳಿಯದಂತೆ.
ಅವಳು ಮಜ್ಜಿಗೆ ತಂದಳು. ಉಳದೆಯೂ ಮಜ್ಜಿಗೆ.
"ಟ್ರಾಲಿ ಅದಲ್ಲ ನಿಂತಾವ?
ಕೀಲಾರದ ಮಾಯಿಗಮ್ಮನಿಗೆ ಎಂಟು ಗೋಣಿ ಬಳ್ಳಿ ಬೇಕಂತೆ.
ಬಾಡಿಗೆ ಮಾತಾಡು."

ಹೊತ್ತು ಇಳಿಯುವಾಗ ಗೋಣಿ ಹೇರಿದೆವು.
ನಾಲ್ಕು ನಾಲ್ಕು ಎಲೆ ಜೋಡಿಸಿ ತೋಟ ಕಣ್ಣು ಮುಚ್ಚುತ್ತಿತ್ತು.
ಏರಿಯ ಮೇಲೆ ಮೂರನೇ ಗೇರಿನಲ್ಲಿ,
ನಾಳೆ ನನ್ನನ್ನು ಕರೆಯದಿರುವ ಇನ್ನೊಂದು ತೋಟಕ್ಕೆ
ನಾನೇ ಹೊತ್ತು ಹೊರಟೆ,
ಕಿಲೋಮೀಟರಿಗೆ ಇಷ್ಟು ಅಂತ.

ಮನೆಗೆ ಬಂದು ಟ್ರಾಲಿ ತೊಳೆಯುವಾಗ
ಹಲಗೆಯ ಸಂದಿಯಲ್ಲಿ ಒಂದು ತುಂಡು ಸಿಕ್ಕಿತ್ತು, ಗೇಣೂ ಇಲ್ಲ.
ಶೆಡ್ಡಿನ ಪಕ್ಕ, ಆಯಿಲ್ ಸೋರದ ಕಡೆ,
ರೋಟವೇಟರ್ ನಿಲ್ಲಿಸುವ ಜಾಗಕ್ಕೆ ಎರಡು ಮಾರು ಆಚೆ, ಊರಿದೆ.
ದಿನಾ ಬೆಳಿಗ್ಗೆ ಬೀಡಿ ಹಚ್ಚುವ ಮುಂಚೆ ನೋಡುತ್ತೇನೆ.
ಇನ್ನೂ ಏನೂ ಮಾಡಿಲ್ಲ.