ಒಳಗೆ ಬಿಳಿ

ಎರಡು ದಿನದ ಮಟ್ಟಿಗೆ ಸಾಲೆಯಿಂದ ತಂದಾಳೆ ಹುಲಿಗಿ,
ಹಳೇ ಟವೆಲಿನಲ್ಲಿ ಸುತ್ತಿ, ಕೂಸಿನ ಹಾಗೆ.
ಕೌಲ್ ಬಜಾರಿನ ನಮ್ಮ ಒಂದೇ ಕಿಟಕಿಗೆ
ಅದರ ಕನ್ನಡಿ ತಿರುಗಿಸಿ ಬೆಳಕು ಹಿಡಿದಳು.

ಏನಿಡೋಣ ಅಂದಳು. ಸೆರಗಿಗಂಟಿದ್ದ ಒಂದೆಳೆ ಕಿತ್ತು ಕೊಟ್ಟೆ.
ಬ್ಲೇಡಿನಲ್ಲಿ ಅಡ್ಡ ಕೊಯ್ದು, ನೀರ ಹನಿಯೊಳಗಿಟ್ಟು,
‘ಮೊದಲು ಸಣ್ಣ ಲೆನ್ಸು. ಇಳಿಸುವಾಗ ಪಕ್ಕದಿಂದ ನೋಡು,
ಗಾಜು ಒಡೆದರೆ ಸಾರು ನನ್ನ ಹೊಡೀತಾರೆ.
ಈಗ ಕಣ್ಣಿಡು. ಮೆಲ್ಲಗೆ ಮೇಲಕ್ಕೆ...
ಮೇಲಕ್ಕವ್ವಾ!’

ಇಪ್ಪತ್ತು ವರ್ಷ ಜೀನ್ಸಿನ ದಾರ ಕತ್ತರಿಸಿದ ಕೈ
ಒಂದು ತಿರುಪಿಗೆ ಹೆದರಿತು.
ಮೊದಲು ಕಂಡದ್ದು ನನ್ನವೇ ರೆಪ್ಪೆಗೂದಲು.
ಆಮೇಲೆ ಮಂಜು,
ಎಡಕ್ಕೆ ಸರಿಸಿದರೆ ಬಲಕ್ಕೆ ಓಡುವ ಮಂಜು.

ತಟ್ಟನೆ ನಿಂತಿತು:
ಸುತ್ತ ನೀಲಿ ಬಳೆ,
ನಡುವೆ ಆಗತಾನೆ ಬಿಡಿಸಿದ ಹತ್ತಿ.
ಬಣ್ಣ ಒಳಗೆ ಹೋಗಿಯೇ ಇಲ್ಲ.

ಎಷ್ಟು ತಿಕ್ಕಿದರೂ ಬಿಡದೆ
ನನ್ನ ಉಗುರೊಳಗೆ ಹೊಕ್ಕು ಕೂತ ನೀಲಿ
ಇದರೊಳಗೆ ಹೊಕ್ಕಿಲ್ಲ!

ನಾಳೆ ಬೆಳಿಗ್ಗೆ ನೂರಿಪ್ಪತ್ತು ಪೀಸು ಕೊಡಬೇಕು,
ಕತ್ತರಿ ಎಲ್ಲೋ ತೊಡೆಯ ಕೆಳಗೆ ಚುಚ್ಚುತ್ತಿತ್ತು.
‘ಏಳವ್ವಾ, ನನ್ನ ಪಾಳಿ’ ಅಂತ ಜಗ್ಗಿದಳು.
ನಾನು ಏಳಲಿಲ್ಲ.